ಹಕ್ಕು ಮತ್ತು ಋಣ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ನಮ್ಮ ವಾರ್ಷಿಕ ಸಂಚಿಕೆಯ ಸಂಪಾದಕ ಮಂಡಲಿಯವರು ಒಂದು ದಿನ ನನ್ನನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಹಿಡಿದು, "ನೀವು ಚರ್ಚಾಸ್ಪರ್ಧೆಯಲ್ಲಿ ಮಾಡಿದ ಭಾಷಣವನ್ನೇ ಬರೆದುಕೊಡಿ, ಬೇರೇನೂ ಬೇಡ" ಎಂದರು. ಆ ಭಾಷಣಕ್ಕೆ ನನಗೆ ಪ್ರಥಮ ಬಹುಮಾನ ಬಂದಿತ್ತು. ಬರೆದುಕೊಡುವುದು ಅರ್ಧ ಗಂಟೆಯ ಕೆಲಸ. ಆದರೂ ಬರೆಯಲು ಕೈ ಏಳಲಿಲ್ಲ. ಏತಕ್ಕೆಂದು ಕೇಳಿದರು. ಅದನ್ನು ಮೆಟ್ಟಿಲ ಮೇಲೆ ನಿಂತು ಹೇಳಲಾಗುವುದಿಲ್ಲವೆಂದೆ. ಅಂದು ಹೇಳಲಾಗದೆ ಹೋದುದನ್ನು ಇಲ್ಲಿ ಹೇಳುತ್ತೇನೆ. ಅಂದು ಸಭೆಯಲ್ಲಿ ಕುಳಿತು ಕೈತಟ್ಟಿದ ಮಿತ್ರರೇ ಇದನ್ನು ಓದುವವರಾದುದರಿಂದ ಲೆಕ್ಕ ಒಪ್ಪಿಸಬೇಕಾದುದೂ ಇಲ್ಲಿಯೇ.

ನಾನು ಸ್ವಾತಂತ್ರ್ಯವಾದಿಯೆಂಬುದು ತರಗತಿಯವರಿಗೆಲ್ಲ ಗೊತ್ತು. 'ಲಿಬರ್ಟೇರಿಯನ್' ಎಂಬ ಮಾತಿಗೆ ಕನ್ನಡದಲ್ಲಿ ಒಂದು ಪದ ಇನ್ನೂ ನೆಲೆಗೊಂಡಂತೆ ಕಾಣುವುದಿಲ್ಲ. ಹಿಂದಿನ ಬೆಂಚಿನ ಮಿತ್ರರು ಆ ಕೊರತೆಯನ್ನು ತುಂಬಿ ನನಗೆ 'ಬಿಟ್ಟುಬಿಡಿವಾದಿ' ಎಂದು ಹೆಸರಿಟ್ಟಿದ್ದಾರೆ. ಹೆಸರು ಸರಿಯಾಗಿಯೇ ಇದೆ. ಮನುಷ್ಯನ ಮೈ ಅವನದು, ದುಡಿಮೆ ಅವನದು, ದುಡಿದುದು ಅವನದು. ಇನ್ನೊಬ್ಬನಿಗೆ ಕೇಡು ಮಾಡದಿರುವವರೆಗೆ ಅವನನ್ನು ಅವನ ಪಾಡಿಗೆ ಬಿಟ್ಟುಬಿಡಿ ಎಂಬುದು ನನ್ನ ಮತ. ಸರ್ಕಾರವೆನ್ನುವುದು ಊರಿನ ತಳವಾರನಂತೆ ಇರಬೇಕು, ಗೌಡನಂತೆ ಅಲ್ಲ. ಇಂಥ ಮತದವನು ಸರ್ಕಾರಿ ಕಲಾ ಕಾಲೇಜಿನಲ್ಲಿ, ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಸರ್ಕಾರದ ಬೆಂಚಿನ ಮೇಲೆ ಕುಳಿತು ಓದುತ್ತಿರುವುದರಲ್ಲಿ ತಮಾಷೆಯಿದೆ, ಒಪ್ಪುತ್ತೇನೆ. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಒಮ್ಮೆ ಪಾಠದ ನಡುವೆ, "ಏನಪ್ಪಾ, ನೀನು ಕುಳಿತಿರುವ ಬೆಂಚು ಯಾರದು?" ಎಂದು ಕೇಳಿದರು. "ತೆರಿಗೆ ಕೊಟ್ಟವರದು, ಸಾರ್" ಎಂದೆ. "ಹಾಗಾದರೆ ಎದ್ದು ಹೋಗಿ ಅವರ ಅಪ್ಪಣೆ ತೆಗೆದುಕೊಂಡು ಬಾ" ಎಂದರು. ಆ ದಿನ ತರಗತಿಯಲ್ಲಿ ಎದ್ದ ನಗೆ ಅಡಗಲು ಬಹಳ ಹೊತ್ತು ಬೇಕಾಯಿತು.

ನನಗೆ ಈ ಮತ ಪುಸ್ತಕದಿಂದ ಬಂದುದಲ್ಲ. ರಾಗಿಯ ವಾಡೆಯಿಂದ ಬಂದಿತು.

ನಮ್ಮದು ಹೂಡಿ. ಬೆಂಗಳೂರಿನ ಪೂರ್ವಕ್ಕೆ ವೈಟ್‌ಫೀಲ್ಡಿನ ದಾರಿಯಲ್ಲಿರುವ ಊರು. ಊರೆಂದು ನಾವು ಹೇಳಿಕೊಳ್ಳುತ್ತೇವೆ, ಈಗ ಅದು ನಗರದ ಒಂದು ನಿಲ್ದಾಣ. 2016ನೆಯ ಇಸವಿ ನವೆಂಬರ್ 8ರ ರಾತ್ರಿ 8 ಗಂಟೆಗೆ, ಐನೂರು ಮತ್ತು ಸಾವಿರದ ನೋಟುಗಳು ನಡುರಾತ್ರಿಯಿಂದ ಚಲಾವಣೆಯಲ್ಲಿ ಇರುವುದಿಲ್ಲವೆಂದು ಪ್ರಧಾನಮಂತ್ರಿಗಳು ಸಾರಿದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ದೇಶದಲ್ಲಿ ಓಡಾಡುತ್ತಿದ್ದ ನೋಟುಗಳ ಮೌಲ್ಯದಲ್ಲಿ ನೂರಕ್ಕೆ 86 ಭಾಗ ಆ ಎರಡು ನೋಟುಗಳದೇ ಆಗಿತ್ತು. ಇದೆಲ್ಲ ನಾನು ಆಮೇಲೆ ಓದಿ ತಿಳಿದುದು. ಆ ರಾತ್ರಿ ತಿಳಿದುದು ಇಷ್ಟೇ: ಎಲ್ಲರೂ ಮಲಗಿದ ಮೇಲೆ ನಮ್ಮ ಅಜ್ಜಿ ನನ್ನನ್ನು ಅಲುಗಿಸಿ ಎಬ್ಬಿಸಿ, ಅಡಿಗೆಮನೆಯ ಮೂಲೆಯ ವಾಡೆಯ ಬಳಿಗೆ ಕರೆದುಕೊಂಡು ಹೋದಳು. ಮೊಳಕೈವರೆಗೆ ರಾಗಿಯೊಳಗೆ ತೋಳಿಳಿಸಿ ಒಂದು ಬಟ್ಟೆಯ ಗಂಟನ್ನು ತೆಗೆದಳು. ಒಳಗೆ ಐನೂರರ 23 ನೋಟು.

"ಇದ್ರ ಮೇಲೆ ಏನ್ ಬರ್ದೈತೆ ಓದು ಮಗ" ಎಂದಳು.

ಕನ್ನಡದಲ್ಲಿ ಇದ್ದುದು 'ಐನೂರು ರೂಪಾಯಿಗಳು' ಎಂಬ ಒಂದು ಸಾಲು. ಮಿಕ್ಕ ಮಾತು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇತ್ತು. ಅದನ್ನು ತಡವರಿಸಿಕೊಂಡು ಓದಿ, "ಇದನ್ನು ಇಟ್ಟುಕೊಂಡವರಿಗೆ ಐನೂರು ರೂಪಾಯಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ ಅಜ್ಜಿ" ಎಂದೆ. "ಯಾರು?" "ರಿಸರ್ವ್ ಬ್ಯಾಂಕಿನ ಗವರ್ನರು." "ಮಾತ್ ಕೊಟ್ಟೋರು ಯಾವಾಗ್ ವಾಪಸ್ ತಗೊಂಡ್ರು?" ಎಂದು ಕೇಳಿದಳು. ನನಗೆ ಉತ್ತರ ತೋರಲಿಲ್ಲ.

ಎರಡು ದಿನ ಸಾಲಿನಲ್ಲಿ ನಿಂತು ಹಣವನ್ನು ಬ್ಯಾಂಕಿಗೆ ಕಟ್ಟಿದೆವು. ಕಾಸೂ ನಷ್ಟವಾಗಲಿಲ್ಲ. ದೇಶದ ಲೆಕ್ಕದಲ್ಲಿಯೂ ಹಾಗೆಯೇ ಆಯಿತು; ರದ್ದಾದ ನೋಟುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಭಾಗ ಹಿಂದಿರುಗಿತೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಹೇಳಿತು. ಆದರೆ ನಮ್ಮ ಮನೆಯಲ್ಲಿ ಹೋದುದು ಹಣವಲ್ಲ, ಗುಟ್ಟು. ಹಾಲು ಮಾರಿ, ಸೊಪ್ಪು ಮಾರಿ, ಹಲವು ವರ್ಷಗಳಲ್ಲಿ ಕೂಡಿಟ್ಟಿದ್ದ ಹಣವದು; ಅದು ಇರುವುದು ಮಗನಿಗೆ ತಿಳಿಯದಿದ್ದುದೇ ಅದರ ಬೆಲೆಯಾಗಿತ್ತು. ಪಾಸ್‌ಬುಕ್ಕಿನಲ್ಲಿ ಅಂಕಿ ಬಿದ್ದ ಮರುವಾರವೇ ನಮ್ಮ ತಂದೆಯವರು ಅದನ್ನು ಮನೆಯ ಮೇಲಂತಸ್ತಿನ ಸಿಮೆಂಟಿಗೆಂದು ಕೇಳಿ ತೆಗೆದುಕೊಂಡರು. ಒಬ್ಬ ಮುದುಕಿ ತನ್ನ ಇಷ್ಟದಂತೆ ಒಂದು ಬಳೆಯನ್ನೋ ಮೊಮ್ಮಗನಿಗೊಂದು ಪೆನ್ನನ್ನೋ ಕೊಳ್ಳುವ ಸ್ವಾತಂತ್ರ್ಯ ಯಾವ ಅಂಕಿಅಂಶದಲ್ಲಿಯೂ ಬರುವುದಿಲ್ಲ.

ಹಣವೆಂಬುದು ನಂಬಿಕೆಯ ಇನ್ನೊಂದು ಹೆಸರೆಂದು ಅಂದಿನಿಂದ ನನಗೆ ಅನ್ನಿಸಿದೆ. ಈ ಮಾತನ್ನು ನಾನು ಹೇಳಿದಾಗ ಅಜ್ಜಿ ಒಪ್ಪಲಿಲ್ಲ. ಅವಳಿಗೆ ನಂಬಿಕೆಯೆಂದರೆ ಊರ ದೇವತೆ. ಅವಳು ಮಾತು ಕೊಟ್ಟು ನಡುರಾತ್ರಿಯಲ್ಲಿ ಹಿಂದಕ್ಕೆ ತೆಗೆದುಕೊಂಡುದಿಲ್ಲವಂತೆ. ನನಗೆ ದೇವರಲ್ಲಿ ಅಷ್ಟಾಗಿ ನಂಬಿಕೆಯಿಲ್ಲ. ಆದರೆ ನಮ್ಮ ಬೀದಿಯ ಇಪ್ಪತ್ತು ಹೆಂಗಸರು ಕಟ್ಟುವ ಚೀಟಿಯನ್ನು ನೋಡಿದಾಗ ಸುಮ್ಮನಾಗುತ್ತೇನೆ. ತಿಂಗಳಿಗೆ ತಲೆಗೆ ಒಂದು ಸಾವಿರ. ಕೂಡಿದ ಇಪ್ಪತ್ತು ಸಾವಿರವನ್ನು ಹರಾಜು ಕೂಗಿ, ಯಾರಿಗೆ ಹೆಚ್ಚು ಅವಸರವೋ ಅವರು ಕಡಿಮೆಗೆ ಎತ್ತಿಕೊಳ್ಳುತ್ತಾರೆ. ಬಿಟ್ಟ ಹಣ ಉಳಿದವರಿಗೆ ಹಂಚಿಕೆ. ಕಾಗದವಿಲ್ಲ, ಜಾಮೀನಿಲ್ಲ. ಬಡ್ಡಿಯ ದರ ಹುಟ್ಟುವುದು ಹೇಗೆಂದು ನಮ್ಮ ಪಠ್ಯಪುಸ್ತಕ ಹೇಳುವುದನ್ನು ಅವರು ಅಜ್ಜಿಯ ಜಗಲಿಯ ಮೇಲೆ ತಿಂಗಳಿಗೊಮ್ಮೆ ಮಾಡಿ ತೋರಿಸುತ್ತಾರೆ. (ಪಕ್ಕದ ಬೀದಿಯಲ್ಲಿ ಚೀಟಿ ನಡೆಸುತ್ತಿದ್ದಾತ ಒಂದು ಬೆಳಗಿನ ಜಾವ ಸಂಸಾರಸಮೇತ ಊರು ಬಿಟ್ಟ. ಅದನ್ನೂ ಹೇಳಬೇಕು. ಅದರಲ್ಲಿ ನಮ್ಮ ತಾಯಿಯವರ ಹಣವೂ ಇತ್ತು.)

ಪುಸ್ತಕಗಳು ಆಮೇಲೆ ಬಂದುವು. ಗ್ರಂಥಾಲಯದಲ್ಲಿ ಯೋಜನೆಗಳ ಚರಿತ್ರೆಯನ್ನು ಓದುತ್ತಿದ್ದಾಗ ನನಗೆ ಬಿ. ಆರ್. ಶೆಣೈ ಅವರ ಹೆಸರು ಸಿಕ್ಕಿತು. 1905ರಲ್ಲಿ ಬೆಳ್ಳಿಕೋತಿನಲ್ಲಿ ಹುಟ್ಟಿದವರು. ಇಂದು ಕಾಸರಗೋಡು ಜಿಲ್ಲೆಗೆ ಸೇರಿದ, ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಊರು. ಲಂಡನ್ನಿಗೆ ಹೋಗಿ ಓದಿ, ಅಲ್ಲಿ ಹಾಯೆಕ್ ಎಂಬ ಆಸ್ಟ್ರಿಯಾ ದೇಶದ ಅರ್ಥಶಾಸ್ತ್ರಜ್ಞರ ಉಪನ್ಯಾಸಗಳನ್ನು ಕೇಳಿದವರು. ಎರಡನೆಯ ಪಂಚವಾರ್ಷಿಕ ಯೋಜನೆಗೆ ಸಲಹೆ ಕೊಡಲು ಸರ್ಕಾರ ಅರ್ಥಶಾಸ್ತ್ರಜ್ಞರ ಒಂದು ಮಂಡಲಿಯನ್ನು ನೇಮಿಸಿತ್ತು. 1955ರಲ್ಲಿ ದೇಶದ ದೊಡ್ಡ ದೊಡ್ಡ ಪಂಡಿತರೆಲ್ಲ ಸಹಿ ಹಾಕಿದ ಆ ಮಂಡಲಿಯ ವರದಿಗೆ ಭಿನ್ನಮತದ ಟಿಪ್ಪಣಿಯನ್ನು ಬರೆದವರು ಇವರೊಬ್ಬರೇ. ಯೋಜನೆಯ ಸರ್ಕಾರಿ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿಯನ್ನು ಕೊರತೆಯ ಹಣದಿಂದ, ಎಂದರೆ ಬಿಡಿಸಿ ಹೇಳುವುದಾದರೆ ಹೊಸ ನೋಟಿನಿಂದ, ತುಂಬಿಸುವ ಏರ್ಪಾಡು. ಜನ ಉಳಿಸಿದುದಕ್ಕಿಂತ ಹೆಚ್ಚನ್ನು ಹೂಡಬೇಕೆಂದರೆ ಬೆಲೆ ಏರಿಸಿ ಅವರ ಜೇಬಿನಿಂದ ಕಾಣದಂತೆ ತೆಗೆಯಬೇಕು, ಇಲ್ಲವೆ ಕಂಡಂತೆಯೇ ಬಲಾತ್ಕಾರದಿಂದ ತೆಗೆಯಬೇಕು. ಎರಡೂ ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ ಎಂಬುದು ಅವರ ವಾದದ ತಿರುಳು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1957ರ ಹೊತ್ತಿಗೆ ವಿದೇಶಿ ವಿನಿಮಯ ಕರಗತೊಡಗಿ, 1958ರಲ್ಲಿ ಸಾಲ ಕೊಡುವ ದೇಶಗಳ ಕೂಟ ಸೇರಬೇಕಾಯಿತು. 1966ರ ಜೂನ್ ತಿಂಗಳಲ್ಲಿ ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದುದು 7 ರೂಪಾಯಿ 50 ಪೈಸೆಯಾಯಿತು. 1991ರಲ್ಲಿ ದೇಶದ ಚಿನ್ನ ವಿಮಾನ ಹತ್ತಿ ಲಂಡನ್ನಿಗೆ ಒತ್ತೆಗೆ ಹೋಯಿತು. ಶೆಣೈ ಅವರು 1978ರಲ್ಲಿಯೇ ತೀರಿಕೊಂಡಿದ್ದರು. ಇಪ್ಪತ್ತು ಮಂದಿಯ ನಡುವೆ ಒಬ್ಬನೇ ಎದ್ದು 'ಇಲ್ಲ' ಎನ್ನುವವನನ್ನು ಕಂಡರೆ ಹುಡುಗರಿಗೆ ಒಂದು ಬಗೆಯ ಮೋಹ. ನನಗೂ ಅದೇ ಆಯಿತು.

ರಾಜಾಜಿಯವರ ಮೇಲಿನ ಅಭಿಮಾನವೂ ಇದೇ ಬಗೆಯದು. ನಮ್ಮ ಕಾಲೇಜಿನವರು ದಿನವೂ ದಾಟಿಹೋಗುವ ಸೆಂಟ್ರಲ್ ಕಾಲೇಜಿನಲ್ಲಿಯೇ ಓದಿದವರು ಅವರು. ಎಂಬತ್ತರ ಅಂಚಿನಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷವನ್ನು ಕಟ್ಟಿ, ಪರ್ಮಿಟ್ಟು-ಲೈಸೆನ್ಸುಗಳ ರಾಜ್ಯವೆಂದು ಸರ್ಕಾರವನ್ನು ಹಂಗಿಸಿದರು. 1967ರಲ್ಲಿ ಆ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನ ಬಂದುವು. ಏಳು ವರ್ಷಗಳಲ್ಲಿ ಪಕ್ಷವೇ ಇನ್ನೊಂದರಲ್ಲಿ ಕರಗಿಹೋಯಿತು. ಅದರಲ್ಲಿ ಹಳೆಯ ರಾಜರೂ ಜಮೀನುದಾರರೂ ಬಹಳ ಮಂದಿ ಇದ್ದರೆಂಬುದನ್ನು ಓದಿದಾಗ ನನಗೆ ಸ್ವಲ್ಪ ಇರುಸುಮುರುಸಾಯಿತು. ಆದರೆ ಪುಟ ತಿರುವಿ ಮುಂದೆ ಹೋದೆ.

ಈ ಸಿದ್ಧತೆಯೊಡನೆ ನಾನು ಚರ್ಚಾಸ್ಪರ್ಧೆಗೆ ಹೋದುದು. ವಿಷಯ: 'ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿಯೇ ಉಳಿಯಬೇಕಾಗಿತ್ತು.' 1950ರ ಸಂವಿಧಾನದಲ್ಲಿ ಆ ಹಕ್ಕು ಇದ್ದ ಬಗೆ, 1951ರಿಂದಲೇ ಅದನ್ನು ಕತ್ತರಿಸಿಕೊಂಡು ಬಂದ ತಿದ್ದುಪಡಿಗಳು, 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಅದು ಮೂಲಭೂತ ಹಕ್ಕುಗಳ ಪಟ್ಟಿಯನ್ನೇ ಬಿಟ್ಟು 300ಎ ವಿಧಿಗೆ ಹೋಗಿ ಕುಳಿತುದು, ಇವನ್ನೆಲ್ಲ ಹೇಳಿದೆ. ಸಭೆ ಆಕಳಿಸುತ್ತಿತ್ತು. ಆಗ ಕಾಗದವನ್ನು ಮಡಚಿಟ್ಟು ನಮ್ಮ ತಾತನ ಕತೆಯನ್ನು ಹೇಳಿದೆ. ಹೂಡಿಯಲ್ಲಿ ನಮಗೆ 3 ಎಕರೆ 10 ಗುಂಟೆ ಹೊಲವಿತ್ತು. ರಾಗಿ, ಅವರೆ, ಹುರುಳಿ. ತೊಂಬತ್ತರ ದಶಕದಲ್ಲಿ ಅದರಲ್ಲಿ 2 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಂಡರು. 'ಸಾರ್ವಜನಿಕ ಉದ್ದೇಶ' ಎಂಬ ಎರಡು ಪದಗಳ ನೋಟೀಸು. ಬೆಳೆ ನಿಂತಿರುವಾಗಲೇ ಕಲ್ಲು ನೆಟ್ಟರು. ಪರಿಹಾರದ ಕೊನೆಯ ಕಂತು ಕೈಗೆ ಬರಲು ಹನ್ನೊಂದು ವರ್ಷ, ಎರಡು ನ್ಯಾಯಾಲಯ. ಅಲ್ಲಿ ಎದ್ದ ಗೋಡೆಯ ಹೊರಬದಿಯಲ್ಲಿ ತಾತ ಸಾಯುವವರೆಗೆ ಪ್ರತಿದಿನ ಬೆಳಗ್ಗೆ ನಡೆದಾಡಿಕೊಂಡು ಬರುತ್ತಿದ್ದ. ತನ್ನ ಬದುವಿನ ಅಳತೆಗೆ ಸರಿಯಾಗಿ ತಿರುಗುತ್ತಿದ್ದ. "ಉಳುವವನ ಒಪ್ಪಿಗೆಯಿಲ್ಲದೆ ಒಂದು ಗುಂಟೆಯನ್ನು ಮುಟ್ಟುವ ಅಧಿಕಾರ ಯಾವ ಸರ್ಕಾರಕ್ಕೂ ಇರಕೂಡದು" ಎಂದು ಮುಗಿಸಿದೆ. ಸಭೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಕೈತಟ್ಟಿತು. ಹೇಳಿದುದರಲ್ಲಿ ಒಂದು ಮಾತೂ ಸುಳ್ಳಲ್ಲ.

ಬಹುಮಾನದ ಬಟ್ಟಲನ್ನು ತಂದು ಅಜ್ಜಿಯ ಮುಂದಿಟ್ಟು, ಏನು ಮಾತನಾಡಿದೆನೆಂದು ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಕೇಳಿ, "ಅರ್ಧ ಹೇಳ್‌ಬಿಟ್ಟು ಬಟ್ಲು ತಂದಿದ್ದೀಯಲ್ಲೋ" ಎಂದಳು.

"ಇನ್ನರ್ಧ ಯಾವುದಜ್ಜಿ?"

"ಆ ಮೂರೆಕ್ರೆ ನಿಮ್ ತಾತಂಗೆ ಯಾರ್ ಕೊಟ್ರು ಅಂತ ಕೇಳ್ದಾ ಯಾವತ್ತಾದ್ರೂ?"

ಕೇಳಿರಲಿಲ್ಲ. ಹೊಲ ನಮ್ಮದೇ ಎಂದಿದ್ದೆ. ಆಕಾಶ ಯಾರದೆಂದು ಕೇಳುತ್ತೇವೆಯೇ?

ಹೊಲ ನಮ್ಮದಾಗಿರಲಿಲ್ಲ. ತಾತನ ತಾತನಿಂದ ಮೊದಲುಗೊಂಡು ನಮ್ಮವರು ಅದನ್ನು ವಾರಕ್ಕೆ ಮಾಡುತ್ತಿದ್ದರು, ಎಂದರೆ ಬೆಳೆದುದರಲ್ಲಿ ಅರ್ಧ ಒಡೆಯರಿಗೆ. ಒಡೆಯರ ಮನೆ ಮಲ್ಲೇಶ್ವರದಲ್ಲಿ. ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿ. ತಾತ ಅವರನ್ನು 'ಅಮ್ಮನೋರು' ಎನ್ನುತ್ತಿದ್ದನಂತೆ. ಮಕ್ಕಳಿಲ್ಲ. ಸುಗ್ಗಿಯಲ್ಲಿ ಒಮ್ಮೆ ರೈಲಿನಲ್ಲಿ ಬಂದು, ಕಣದಲ್ಲಿ ಕೊಡೆ ಹಿಡಿದು ನಿಂತು, ಎಂಟು ಮೂಟೆ ರಾಗಿಯನ್ನು ಅಳೆಯಿಸಿಕೊಂಡು ಹೋಗುತ್ತಿದ್ದರು. 1974ರ ಮಾರ್ಚಿ 1ರಿಂದ ಕಾನೂನು ಬದಲಾಯಿತು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿಯ ಪ್ರಕಾರ, ಅಂದು ಗೇಣಿಗಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿಕೊಂಡರೆ ಭೂನ್ಯಾಯಮಂಡಳಿ ವಿಚಾರಿಸಿ ಅವನಿಗೆ ಕೊಡುವುದು. ಒಡೆಯರಿಗೆ ಸಲ್ಲಬೇಕಾದ ಬೆಲೆ ಪೇಟೆಯ ಬೆಲೆಯಲ್ಲ. ಜಮೀನಿನ ವರಮಾನದ ಇಷ್ಟು ಪಟ್ಟು ಎಂದು ಕಾನೂನೇ ಕಟ್ಟಿದ ಬೆಲೆ. ಒಪ್ಪಿಗೆಯನ್ನು ಯಾರೂ ಅವರನ್ನು ಕೇಳಲಿಲ್ಲ. ತಾತ ಅರ್ಜಿ ಹಾಕಿದ. ಹೊಲ ಬಂದಿತು.

ನಾನು ಸಭೆಯಲ್ಲಿ ಯಾವ ಮಾತುಗಳಿಂದ ಸರ್ಕಾರವನ್ನು ಬೈದಿದ್ದೆನೋ ಅವೇ ಮಾತುಗಳನ್ನು ಮಲ್ಲೇಶ್ವರದ ಆ ಅಮ್ಮನವರು ನಮ್ಮ ತಾತನ ವಿಷಯದಲ್ಲಿ ಆಡಬಹುದಾಗಿತ್ತು. ಆಡಲಿಲ್ಲವಂತೆ. ನ್ಯಾಯಮಂಡಳಿಯ ತೀರ್ಪಾದ ಮೇಲೆ ಒಂದು ಸಲ ಬಂದರು. ನಮ್ಮ ಮನೆಯಲ್ಲಿ ನೀರು ಕುಡಿಯುವ ಪದ್ಧತಿ ಅವರದಲ್ಲ. ಎಳನೀರು ಕೆತ್ತಿ ಕೊಟ್ಟರು. ಜಗಲಿಯ ಮೇಲೆ ಕುಳಿತು ಕುಡಿದರು. "ಅಮ್ಮನೋರ ಎದುರ್ಗೆ ನಿಮ್ ತಾತ ಒಂದಿನ ಕೂತೋನಲ್ಲ. ಅವತ್ತು ಕೂತ್ಕೊಂಡ" ಎಂದಳು ಅಜ್ಜಿ. "ಕೆಳಗಲ್ಲ. ಅದೇ ಜಗಲಿ ಮೇಲೆ, ಆ ಕಡೆ ಕಂಬುಕ್ಕೆ ಒರಗಿ. ಆಮೇಲೆ ರಾತ್ರಿ ಊಟ ಮಾಡ್ನಿಲ್ಲ."

ಈ ಎರಡು ವಾಕ್ಯಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿದ್ದೇನೋ ತಿಳಿಯದು. ಕುಳಿತ. ಊಟ ಮಾಡಲಿಲ್ಲ.

ತಾತನ ಕಬ್ಬಿಣದ ಪೆಟ್ಟಿಗೆಯನ್ನು ಅಜ್ಜಿ ಅಂದು ನನ್ನಿಂದ ಇಳಿಸಿದಳು. ಪಹಣಿಗಳ ಕಟ್ಟಿನ ಕೆಳಗೆ ನೂಲು ಕಟ್ಟಿದ ಸಣ್ಣ ಚೀಟಿಗಳ ಇನ್ನೊಂದು ಕಟ್ಟು. ಮನಿಯಾರ್ಡರು ತಲುಪಿದುದಕ್ಕೆ ಪಡೆದವರು ಸಹಿ ಹಾಕಿ ಕಳುಹಿಸುವ ರಸೀತಿಗಳು. ವರ್ಷಕ್ಕೊಂದರಂತೆ 1977ರಿಂದ 1990ರವರೆಗೆ ಹದಿನಾಲ್ಕು. ಎಲ್ಲದರಲ್ಲಿಯೂ ಹಳೆಯ ಕಾಲದ ದುಂಡಾದ ಕನ್ನಡ ಅಕ್ಷರದಲ್ಲಿ ಒಂದೇ ಸಹಿ. ಮೊಬಲಗು ಮಾತ್ರ ಒಂದೊಂದು ವರ್ಷ ಒಂದೊಂದು. ಮೊದಲನೆಯದರಲ್ಲಿ 164 ರೂಪಾಯಿ, ಕೊನೆಯದರಲ್ಲಿ 436. ನೂರೋ ಇನ್ನೂರೋ ಎಂದು ದುಂಡು ಅಂಕಿ ಎಲ್ಲಿಯೂ ಇಲ್ಲ.

"ಇದೇನಜ್ಜಿ ಇಂಥ ಲೆಕ್ಕ?"

"ಆ ವರ್ಷ ಕೃಷ್ಣರಾಜಪುರದ ಸಂತೇಲಿ ಎರಡ್ ಮೂಟೆ ರಾಗಿಗೆ ಏನ್ ರೇಟೋ ಅದು. ಒಂದ್ ಹೊಟ್ಟೆಗೆ ವರ್ಷಕ್ಕೆ ಎರಡ್ ಮೂಟೆ ಸಾಕು ಅನ್ನೋನು."

ಶೆಣೈ ಅವರು 1955ರಲ್ಲಿ ದೆಹಲಿಗೆ ಬರೆದು ತಿಳಿಸಲು ಹೆಣಗಿದುದನ್ನು, ಓದುಬರಹ ಬಾರದ ನಮ್ಮ ತಾತ ತಾನೇ ಕಂಡುಕೊಂಡಿದ್ದ. ರೂಪಾಯಿ ಜಾರುತ್ತದೆ, ರಾಗಿ ಜಾರುವುದಿಲ್ಲ. ಆದುದರಿಂದ ಋಣವನ್ನು ರಾಗಿಯಲ್ಲಿ ಅಳೆಯಬೇಕು. ಎಂಟು ಮೂಟೆಯ ಜಾಗದಲ್ಲಿ ಎರಡು ಮೂಟೆ. ಯಾವ ಕಾನೂನೂ ಕೇಳದ ಎರಡು ಮೂಟೆ. ಕೊನೆಯಲ್ಲಿ ಸಹಿಯಿಲ್ಲದ ಒಂದು ನಮೂನೆಯೂ ಇತ್ತು, 1991ರದು. ಅಂಚೆಯವನ ಕೈಬರಹದಲ್ಲಿ 'ವಿಳಾಸದಾರರು ತೀರಿಕೊಂಡಿದ್ದಾರೆ' ಎಂದು ಬರೆದು ಹಿಂದಿರುಗಿಸಿದ್ದರು. ಚಿನ್ನ ಲಂಡನ್ನಿಗೆ ಹೋದ ವರ್ಷವೇ ನಮ್ಮ ತಾತನ ಹಣ ಹೂಡಿಗೆ ವಾಪಸು ಬಂದಿತು.

ಈಗ ನನ್ನ ಮತದ ಗತಿಯೇನು? ಮಿತ್ರರು ಇದನ್ನು ಓದಿ, 'ಬಿಟ್ಟುಬಿಡಿವಾದಿ ತನ್ನ ವಾದವನ್ನೇ ಬಿಟ್ಟ' ಎಂದು ಕುಣಿಯಬಾರದು. ನಾನು ಬಿಟ್ಟಿಲ್ಲ. ವಾದಕ್ಕೆ ವಾದವನ್ನು ಹೂಡಿಯೂ ನೋಡಿದೆ. ಭೂಮಿ ದುಡಿಮೆ ಬೆರೆಸಿದವನದೆಂದು ಮುನ್ನೂರು ವರ್ಷಗಳ ಹಿಂದೆಯೇ ಇಂಗ್ಲೆಂಡಿನ ಲಾಕ್ ಹೇಳಿದ್ದಾನಲ್ಲ. ಐದು ತಲೆಮಾರು ಬೆವರು ಬೆರೆಸಿದವರು ನಮ್ಮವರು, ಆದುದರಿಂದ 1974ರ ಕಾನೂನು ಕಿತ್ತುಕೊಂಡುದಲ್ಲ, ಹಿಂದಿರುಗಿಸಿದುದು ಎನ್ನಬಹುದು. ಬಹಳ ಅನುಕೂಲವಾದ ವಾದ. ಅಷ್ಟು ಅನುಕೂಲವಾಗಿರುವುದರಿಂದಲೇ ನನಗೆ ಅದರ ಮೇಲೆ ಅನುಮಾನ. ತಾತನಿಗೆ ಅದು ಪೂರಾ ನಿಜವೆನ್ನಿಸಿದ್ದರೆ ಹದಿನಾಲ್ಕು ವರ್ಷ ಅಂಚೆ ಕಛೇರಿಯ ಕಿಟಕಿಯ ಮುಂದೆ ನಿಲ್ಲುತ್ತಿರಲಿಲ್ಲ. ಅದು ಪೂರಾ ಸುಳ್ಳೆನ್ನಿಸಿದ್ದರೆ ಆ ಜಗಲಿಯ ಮೇಲೆ ಕುಳಿತುಕೊಳ್ಳುತ್ತಲೂ ಇರಲಿಲ್ಲ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತುದು ರಾಗಿಯನ್ನಲ್ಲ, ಭತ್ತವನ್ನು ಅಳೆಯುವ ಕೊಳಗದ ಸಲುವಾಗಿ. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದೆಂದು. ಆ ಕತೆಯನ್ನು ಸಮಾಜವಾದಿಗಳದೆಂದು ನಾನು ಈವರೆಗೆ ಬದಿಗಿಟ್ಟಿದ್ದೆ. ಈಗ ಓದಿದರೆ ಅದು ಸ್ವಾತಂತ್ರ್ಯದ ಕತೆಯಾಗಿಯೇ ಕಾಣುತ್ತದೆ. ಒಡೆಯನ ಮುಂದೆ ನಿಂತೇ ಇರಬೇಕಾದವನಿಗೆ ಸರ್ಕಾರ ತಳವಾರನಾಗಿರಲಿ, ಗೌಡನಾಗುವುದು ಬೇಡ ಎಂದರೆ ಅರ್ಥವಾಗುವುದಿಲ್ಲ. ಅವನ ಪಾಲಿಗೆ ಗೌಡ ಆಗಲೇ ಬೇರೊಬ್ಬನಿದ್ದಾನೆ. ಆದರೆ ಒಂದು ಸಲ ಕಿತ್ತುಕೊಡಲು ಕಲಿತ ಕೈ ಇಪ್ಪತ್ತು ವರ್ಷಗಳಲ್ಲಿ ಅದೇ ಹೊಲವನ್ನು ಇನ್ನೊಬ್ಬರಿಗಾಗಿ ಕಿತ್ತುಕೊಂಡಿತು. ಅದನ್ನೂ ಮರೆಯಲಾರೆ. ಎರಡು ಸಲವೂ ಕಾಗದದ ಮೇಲಿನ ಭಾಷೆ ಹೆಚ್ಚುಕಡಿಮೆ ಒಂದೇ.

ಹಾಯೆಕ್ ಅವರಿಗೆ ನೊಬೆಲ್ ಪಾರಿತೋಷಕ ಬಂದುದೂ 1974ರಲ್ಲಿಯೇ. ಅದನ್ನು ಅವರ ಮತಕ್ಕೆ ತೀರ ವಿರುದ್ಧವಾದ ಮಿರ್ಡಾಲ್ ಅವರೊಡನೆ ಅರ್ಧರ್ಧ ಹಂಚಿಕೊಟ್ಟರು. ಮೊದಲು ಓದಿದಾಗ ಇದು ಅನ್ಯಾಯವೆನ್ನಿಸಿತ್ತು.

ನಮಗೆ ಉಳಿದ 1 ಎಕರೆ 10 ಗುಂಟೆಯಲ್ಲಿ ಬಹುಪಾಲನ್ನು ಮಾರಿ, ಮಿಕ್ಕುದರಲ್ಲಿ ನಮ್ಮ ತಂದೆಯವರು ಬಾಡಿಗೆಯ ಕೋಣೆಗಳನ್ನು ಕಟ್ಟಿಸಿದ್ದಾರೆ. ಕಂಪ್ಯೂಟರು ಕಂಪನಿಗಳ ಹುಡುಗರು ತುಂಬಿದ್ದಾರೆ. ಇದು ಮುಕ್ತ ಮಾರುಕಟ್ಟೆಯ ಮಹಿಮೆಯೆಂದು ನಾನು ಹಿಂದೆ ಬೀಗುತ್ತಿದ್ದೆ. 1991ರ ಜುಲೈ ತಿಂಗಳಲ್ಲಿ ಲೈಸೆನ್ಸುಗಳ ಬೇಲಿ ಬಿದ್ದಿರದಿದ್ದರೆ ಈ ಹುಡುಗರು ಹೂಡಿಗೆ ಬರುತ್ತಿರಲಿಲ್ಲವೆಂಬುದು ಈಗಲೂ ನನ್ನ ಮತ. ನಮ್ಮ ಪಕ್ಕದ ದೂರವಾಣಿನಗರದಲ್ಲಿ 1948ರಿಂದ ಸರ್ಕಾರದ ಟೆಲಿಫೋನು ಕಾರ್ಖಾನೆಯಿದ್ದರೂ, ದೇಶದಲ್ಲಿ ಜನ ಒಂದು ಟೆಲಿಫೋನಿಗೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಆದರೆ ನಮ್ಮಲ್ಲಿನ ಟೆಕ್ ಪಾರ್ಕು ಎದ್ದುದು ರಾಜ್ಯ ಸರ್ಕಾರ, ಟಾಟಾ ಸಂಸ್ಥೆ, ಸಿಂಗಪುರದವರು ಈ ಮೂವರೂ ಕೂಡಿದುದರಿಂದ. ಹೂಡಿಯ ಕೈಗಾರಿಕಾ ಪ್ರದೇಶಕ್ಕಿರುವ ಹೆಸರು, 1934ರಲ್ಲಿಯೇ ದೇಶಕ್ಕೆ ಯೋಜನೆ ಬೇಕೆಂದು ಪುಸ್ತಕ ಬರೆದ ವಿಶ್ವೇಶ್ವರಯ್ಯನವರದು. 2023ರ ಮಾರ್ಚಿ 25ರಂದು ನಮ್ಮ ಊರಿಗೆ ಮೆಟ್ರೋ ರೈಲು ಬಂದಿತು; ಮರುತಿಂಗಳೇ ನಮ್ಮ ತಂದೆಯವರು ಕೋಣೆಗೆ ಒಂದೂವರೆ ಸಾವಿರ ಬಾಡಿಗೆ ಏರಿಸಿದರು. ಗೋಡೆಗೆ ಸುಣ್ಣವನ್ನೂ ಬಳಿದಿರಲಿಲ್ಲ. ಊರೆಲ್ಲ ಕೂಡಿ ಬೆಳೆಸಿದ ಬೆಲೆಯನ್ನು ಭೂಮಿಯ ಒಡೆಯನೊಬ್ಬನೇ ಕುಳಿತು ಉಣ್ಣುವುದು ದುಡಿಮೆಯಲ್ಲವೆಂದು ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಬರೆದಿದ್ದಾನೆ. ಅದನ್ನು ತಂದೆಯವರಿಗೆ ಹೇಳಿದೆ. "ನಿನ್ನ ಕಾಲೇಜಿನ ಖರ್ಚು ಇದರಲ್ಲೇ ನಡೀತಿರೋದು" ಎಂದರು. ಮೇಷ್ಟ್ರ ಬೆಂಚಿನ ಪ್ರಶ್ನೆಗೆ ಇದು ಇನ್ನೊಂದು ಪ್ರತಿ.

ಪಹಣಿಯನ್ನು ನೋಡಿರುವ ಮಿತ್ರರಿಗೆ ಅದರಲ್ಲಿ 'ಇತರೆ ಹಕ್ಕುಗಳು ಮತ್ತು ಋಣಗಳು' ಎಂಬ ಕಲಮು ಇರುವುದು ಗೊತ್ತಿರಬಹುದು. ಸಾಲ, ಅಡಮಾನ ಮುಂತಾದುವನ್ನು ಗುಮಾಸ್ತರು ಅಲ್ಲಿ ತುಂಬುತ್ತಾರೆ. ನಮ್ಮ ಪಹಣಿಯಲ್ಲಿ ಆ ಕಲಮು ವರ್ಷವರ್ಷವೂ ಖಾಲಿ.

ಕಳೆದ ತಿಂಗಳು ಆ ರಸೀತಿಯಲ್ಲಿದ್ದ ವಿಳಾಸವನ್ನು ಹಿಡಿದುಕೊಂಡು ಮಲ್ಲೇಶ್ವರಕ್ಕೆ ಹೋದೆ. ಮನೆಯಿರಲಿಲ್ಲ. ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಬಾಗಿಲಲ್ಲಿ ಎಂಟು ಹೆಸರಿನ ಹಲಗೆ. ಕಾವಲುಗಾರ ಯಾರು ಬೇಕೆಂದು ಕೇಳಿದ. ಹೆಸರು ಹೇಳಿದೆ. ಅಂಥವರು ಯಾರೂ ಇಲ್ಲ ಎಂದ. ಅಕ್ಕಪಕ್ಕದಲ್ಲಿ ವಿಚಾರಿಸಿದರೂ ಗೊತ್ತಿರುವವರು ಸಿಕ್ಕಲಿಲ್ಲ. ಮೆಟ್ರೋದಲ್ಲಿ ಹಿಂದಿರುಗಿದೆ.

"ಯಾರಾದ್ರೂ ಸಿಕ್ಕಿದ್ರಾ?" ಎಂದಳು ಅಜ್ಜಿ.

"ಇಲ್ಲ ಅಜ್ಜಿ."

"ಈಗ ರಾಗಿ ಏನ್ ರೇಟೋ?"

ನಮ್ಮ ಊರಿನಲ್ಲಿ ರಾಗಿ ಅಳೆಯುವ ಕಣವಿಲ್ಲ. ಸಂತೆಯ ದರ ಹೇಳುವವರಿಲ್ಲ. ಸರ್ಕಾರ 2025-26ನೆಯ ಸಾಲಿಗೆ ಕಟ್ಟಿದ ಬೆಂಬಲ ಬೆಲೆಯನ್ನೇ ನೋಡಿ, ಕ್ವಿಂಟಾಲಿಗೆ 4,886 ಎಂದೆ. ಎರಡು ಮೂಟೆಗೆ 9,772. ಬಿಟ್ಟುಬಿಡಿವಾದಿ ಸರ್ಕಾರ ಕಟ್ಟಿದ ಬೆಲೆಯಲ್ಲಿ ಋಣದ ಲೆಕ್ಕ ಹಾಕಿದುದನ್ನು ಮೇಷ್ಟ್ರು ಗಮನಿಸಬೇಕು.

ಅಜ್ಜಿ ಎದ್ದು ಅಡಿಗೆಮನೆಗೆ ಹೋದಳು. ವಾಡೆಯ ಮುಚ್ಚಳ ಸರಿದ ಸದ್ದು ಕೇಳಿಸಿತು. 2016ರ ಆಮೇಲೆಯೂ ಅದು ಬರಿದಾಗಿರಲಿಲ್ಲವೆಂದು ನನಗೆ ಅಂದು ತಿಳಿಯಿತು. ಗಂಟನ್ನು ಬಿಚ್ಚಿ, ನನ್ನಿಂದ ಎಣಿಸಿ, ಅಷ್ಟನ್ನು ಬೇರೆ ತೆಗೆದು ಬಹುಮಾನದ ಬಟ್ಟಲಿನಲ್ಲಿಟ್ಟಳು. ಯಾರಿಗೆ ಕೊಡುವುದೆಂದು ಓದಿದವನಾದ ನಾನೇ ಯೋಚಿಸಬೇಕಂತೆ. ಇನ್ನೂ ತೋಚಿಲ್ಲ. "ನಿಮ್ಮಪ್ಪಂಗೆ ಹೇಳ್‌ಬ್ಯಾಡ" ಎಂದು ಎರಡು ಸಲ ಹೇಳಿದ್ದಾಳೆ. ನಮ್ಮ ತಂದೆಯವರು ಕಾಲೇಜಿನ ಸಂಚಿಕೆಯನ್ನು ಓದುವುದಿಲ್ಲವೆಂಬ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ.